ಬಿಸಿಗೆ ದಾರಿ ಬಿಡುವ ಮಣಿ

ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ತೀರಿಕೊಂಡವರಿಗೆ ಎಂಥ ಸಿಟ್ಟು ಎಂದು ನೀವು ಕೇಳಬಹುದು. ಅವರ ಸಿಟ್ಟು ಕಂಡವರಾಗಿದ್ದರೆ ಕೇಳುತ್ತಿರಲಿಲ್ಲ. ಹೈಸ್ಕೂಲಿನ ಹುಡುಗರು ಪ್ರಯೋಗದ ಪುಸ್ತಕದ ಮೇಲೆ ಬಳ್ಳಿ ಬಿಡಿಸಿ, ಹೂವು ಬಿಡಿಸಿ ತಮ್ಮ ಹೆಸರು ಬರೆದು ತಂದರೆ, "ನಿನ್ನ ಹೆಸರು ಕಟ್ಟಿಕೊಂಡು ನಾನೇನ್ ಮಾಡ್ಲೋ? ಮುಳ್ಳು ಎಲ್ಲಿ ನಿಂತಿತ್ತು, ಅದನ್ನ ಹೇಳು" ಎಂದು ಪುಸ್ತಕವನ್ನು ಹಿಂದಕ್ಕೆ ದೂಡುತ್ತಿದ್ದರು. ಹೋದ ತಿಂಗಳು ಮಾಧವರಂ ಕಡೆಯಿಂದ ಬಂದ ಬೀಗರೊಬ್ಬರು, ಮೇಷ್ಟ್ರು ಅಲ್ಲಿ ಮಗಳ ಮನೆಯಲ್ಲಿ ಹೋಗಿಬಿಟ್ಟರು ಎಂದು ಹೇಳಿದರು. ಸುದ್ದಿ ಕೇಳಿ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಬರುವುದು ಹುರುಪು. ಈ ವಯಸ್ಸಿನಲ್ಲೂ ಎದ್ದು ಓಡಬೇಕು ಅನ್ನಿಸುತ್ತದೆ.

ಆಗ ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಗಿ, ನಮ್ಮ ಆದವಾನಿ ಆಂಧ್ರದಲ್ಲಿ ಉಳಿದು ಎರಡು ಮೂರು ವರ್ಷ ಕಳೆದಿತ್ತು. ಸ್ಕೂಲಿನಲ್ಲಿ ಯಾವ ಭಾಷೆಯಲ್ಲಿ ಪಾಠ ಹೇಳಬೇಕು ಎಂದು ದೊಡ್ಡವರು ಜಗಳಾಡುತ್ತಿದ್ದರು. ಮೇಷ್ಟ್ರಿಗೆ ಆ ತಾಪತ್ರಯವೇ ಇರಲಿಲ್ಲ. ಪಾಠ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಬೆಳೆದು, ಲೆಕ್ಕ ಬಂದಾಗ ಇಂಗ್ಲಿಷಿಗೆ ಹಾರಿ, ಹುಡುಗರಿಗೆ ತಿಳಿಯದಿದ್ದಾಗ ನಮ್ಮ ಹಾಲಹರವಿ ಕಡೆಯ ಬೈಗುಳದಲ್ಲಿ ಮುಗಿಯುತ್ತಿತ್ತು. ಅವರು ಹುಟ್ಟಿದ್ದು ಅಲ್ಲಿಯೇ. ಓದಿದ್ದು ಮದ್ರಾಸಿನಲ್ಲಿ. ಅಲ್ಲಿಂದ ಬರುವಾಗ ಬಿ.ಎಸ್ಸಿ. ಜೊತೆಗೆ ರಸ್ತೆಬದಿಯಲ್ಲಿ ಕೊಂಡ ಹಳೆಯ ವಿಜ್ಞಾನ ಪತ್ರಿಕೆಗಳ ಎರಡು ಟ್ರಂಕು ತಂದಿದ್ದರು. ಮದುವೆಯಾಗಿ ಬಂದಾಗ ಆ ಟ್ರಂಕುಗಳಲ್ಲಿ ಸೀರೆ ಇವೆ ಎಂದು ತಿಳಿದು ಖುಷಿಪಟ್ಟಿದ್ದೆ ಎಂದು ಅವರ ಹೆಂಡತಿ, ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು, ನಗುತ್ತಾ ಹೇಳುತ್ತಿದ್ದರು.

ನನ್ನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಒಂದು ಹತ್ತಿ ಮಿಲ್ಲಿನಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದೆ. ಬಂಡಿಯಲ್ಲಿ ಬಂದ ಬೀಜದ ಹತ್ತಿಯನ್ನು ಇಳಿಸಿಕೊಂಡು ಒಟ್ಟಿಸುವುದು, ಬೀಗ ಹಾಕುವುದು, ತೆಗೆಯುವುದು. ಮೇಷ್ಟ್ರು ನನ್ನನ್ನು ಕರೆಯುತ್ತಿದ್ದುದೇ "ಗೋದಾಮಪ್ಪ" ಎಂದು. ಅವರದು ಕುಳ್ಳ ದೇಹ, ಕಚ್ಚೆ ಪಂಚೆ, ಅದರ ಮೇಲೆ ಆಸಿಡ್ಡು ಬಿದ್ದು ತೂತಾದ ಕೋಟು. ಏನಾದರೂ ಹೊಸದು ಕಂಡಿತೋ, ತೊಡೆ ತಟ್ಟಿಕೊಂಡು, ಚಪ್ಪಲಿ ಮರೆತು, ಎದುರಿಗೆ ಸಿಕ್ಕವರ ರಟ್ಟೆ ಹಿಡಿದು ಎಳೆಯುತ್ತಿದ್ದರು. ಹಾಲು ಹಾಕಲು ಬಂದವಳು, ಅಂಚೆಯವನು, ಪಕ್ಕದ ಬೀದಿಯ ಮುಲ್ಲಾಸಾಬರು, ಯಾರಾದರೂ ಆದೀತು. "ಬರ್ರಿ, ಬರ್ರಿ, ತಡ ಮಾಡಬ್ಯಾಡ್ರಿ, ಹೋಗಿಬಿಡ್ತೈತಿ!" ಏನು ಹೋಗಿಬಿಡುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೂ ಓಡುತ್ತಿದ್ದೆವು.

ಹಾಗೆ ಮೊದಲ ಸಲ ಓಡಿದಾಗ ನಾನು ಕಂಡದ್ದು ಬಂಗಾರ. ಒಂದು ಗಾಜಿನ ಬಾಟಲಿಯ ತುಂಬ ನೀರು, ನೀರಿನ ತುಂಬ ಬಂಗಾರದ ರೇಕುಗಳು ತೇಲುತ್ತ, ಹೊರಳುತ್ತ, ಕಿಟಕಿಯ ಬಿಸಿಲಿಗೆ ಫಳಫಳ ಹೊಳೆಯುತ್ತ ಕೆಳಗಿಳಿಯುತ್ತಿದ್ದವು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಸೀಸ ಮತ್ತ ಅಯೋಡಿನ್ನು," ಎಂದರು ಮೇಷ್ಟ್ರು. "ಕುದಿಯೋ ನೀರಾಗ ಕರಗಿಸಿ, ಬಾಟಲಿನ ಬೂದ್ಯಾಗ ಹೂತು, ಮೆಲ್ಲಗ ಆರಾಕ ಬಿಟ್ಟಿದ್ದೆ. ಗಡಿಬಿಡಿಲೆ ಆರಿಸಿದ್ರ ಅರಿಶಿಣಪುಡಿ ಆಗ್ತೈತಿ. ಮೆಲ್ಲಗ ಆರಿದ್ರ ಹರಳು. ಒಂದು ರೇಕು ತಗೊಂಡು ಬ್ಲೇಡ್‌ಲೆ ಎಬ್ಬಿಸಿದ್ರ ಪದರ ಪದರ ಬಿಚ್ಚತೈತಿ, ಉಳ್ಳಾಗಡ್ಡಿ ಹಂಗ. ಏ, ಮುಟ್ಟಬ್ಯಾಡ! ವಿಷ ಅದು, ಕೈ ತೊಳ್ಕೊ ಹೋಗು."

"ಈ ಮನ್ಯಾಗ ಬಂಗಾರ ಅಂತ ಇದ್ದದ್ದು ಬಾಟಲ್ಯಾಗ ಮಾತ್ರ. ಅದೂ ಮುಟ್ಟಂಗಿಲ್ಲ," ಎಂದರು ಅಕ್ಕ ಒಳಗಿನಿಂದ.

ಪದರದ ಹರಳು ಎಂದರೆ ಅವರಿಗೆ ಪ್ರಾಣ. ಕಾಗೆಬಂಗಾರ ಎನ್ನುತ್ತೇವಲ್ಲ, ಆ ಅಭ್ರಕದ ಗಟ್ಟಿಯೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಅದರಿಂದ ಒಂದೊಂದೇ ಹಾಳೆ ಎಬ್ಬಿಸುತ್ತಿದ್ದರು. ಉಸಿರು ತಾಗಿದರೆ ಹಾರುವಷ್ಟು ತೆಳು. ಎಷ್ಟು ಎಬ್ಬಿಸಿದರೂ ಇನ್ನೊಂದು ಉಳಿಯುತ್ತಿತ್ತು.

ಆದರೆ ಆ ವರ್ಷ ಮಳೆಗಾಲದಿಂದ ಅವರ ತಲೆ ತಿಂದದ್ದು ಹರಳಲ್ಲ, ಮಣಿ. ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದರಂತೆ: ಕೆಲವು ಲೋಹದ ತುಕ್ಕುಗಳನ್ನು ಅರೆದು, ಕಲೆಸಿ, ಸುಟ್ಟು ಮಣಿ ಮಾಡಿದರೆ ಅದು ಅರೆವಾಹಕ. ವಿದ್ಯುತ್ತನ್ನು ತಾಮ್ರದಷ್ಟು ಸಲೀಸಾಗಿ ಬಿಡುವುದಿಲ್ಲ, ಪಿಂಗಾಣಿಯಂತೆ ಪೂರ್ತಿ ತಡೆಯುವುದೂ ಇಲ್ಲ. "ತಾಮ್ರ ಬಿಸಿ ಆದ್ರ ಕರೆಂಟಿಗೆ ಅಡ್ಡಿ ಜಾಸ್ತಿ ಮಾಡ್ತೈತಿ. ಈ ಮಣಿ ಉಲ್ಟಾ. ತಣ್ಣಗಿದ್ದಾಗ ಅಡ್ಡ ಮಲಗತೈತಿ, ಬಿಸಿ ತಾಗಿತೋ ದಾರಿ ಬಿಡ್ತೈತಿ. ನಮ್ಮೂರ ಮಂದಿ ಹಂಗ," ಎಂದು ನಕ್ಕರು.

"ಇದರಿಂದ ಉಪಯೋಗ ಏನ್ರಿ?" ಎಂದೆ.

"ಉಪಯೋಗ ಆಮ್ಯಾಲೆ ತಾನ ಬರ್ತೈತಿ. ಮೊದಲು ಕುಟ್ಟು," ಎಂದು ಒನಕೆ ಕೊಟ್ಟರು.

ಕುಟ್ಟಿದ್ದು ಸಂಡೂರಿನ ಬೆಟ್ಟದ ಕಪ್ಪು ಮ್ಯಾಂಗನೀಸ್ ಕಲ್ಲು. ಜೊತೆಗೆ ತಾಮ್ರದ ತಂತಿ ಸುಟ್ಟು ಉದುರಿಸಿದ ಕರಿ ಪುಡಿ. ಅಕ್ಕನ ಒರಳು, ಅಕ್ಕನ ಹಳೇ ಸೀರೆಯ ಜರಡಿ, ಅಕ್ಕ ಬಸಿದ ಗಂಜಿ. ಗಂಜಿಯಲ್ಲಿ ಕಲೆಸಿ ಕಡಲೆಕಾಳಿನಷ್ಟು ಉಂಡೆ ಕಟ್ಟಿ ನೆರಳಲ್ಲಿ ಒಣಗಿಸುವುದು. ಆ ತಿಂಗಳು ಅವರ ಮನೆಯ ಚಟ್ನಿಯಲ್ಲಿ ಸ್ವಲ್ಪ ಸಂಡೂರು ಇರುತ್ತಿತ್ತು ಎಂದರೆ ತಪ್ಪಿಲ್ಲ.

ಸುಡುವುದಕ್ಕೆ ಬಜಾರಿನ ಪತ್ತಾರ ಒಪ್ಪಿದ. ಬಂಗಾರ ಕರಗಿಸುವ ಮೂಸೆಯಲ್ಲಿ ಮಣಿಗಳನ್ನಿಟ್ಟು, ಇದ್ದಿಲ ಬೆಂಕಿಗೆ ತಿದಿ ಒತ್ತಿ, ಮೂಸೆ ಹಳದಿ ಬಣ್ಣಕ್ಕೆ ಬರುವ ತನಕ ಕಾಯಿಸುವುದು. ಆಮೇಲೆ ಚಿಮಟದಲ್ಲಿ ಎತ್ತಿ ನೀರಿಗೆ ಅದ್ದುವುದು. ಚುಂಯ್! ಪತ್ತಾರನ ಕೈಗೆ ಹತ್ತಿದ ರೂಢಿ ಅದು. ಬೆಳ್ಳಿಯಾದರೂ ಅದ್ದುತ್ತಾನೆ, ಮಣಿಯಾದರೂ ಅದ್ದುತ್ತಾನೆ. ಎರಡು ಕಡೆ ಬೆಳ್ಳಿ ರೇಕು ಒತ್ತಿ, ತಂತಿ ಕಟ್ಟಿ ಕೊಡುತ್ತಿದ್ದ. ಮೇಷ್ಟ್ರು ಒಂದು ಸೆಲ್ಲಿಗೂ, ಸ್ಕೂಲಿನ ಮುಳ್ಳಿನ ಡಬ್ಬಿಗೂ ಅದನ್ನು ಜೋಡಿಸುತ್ತಿದ್ದರು. ಆ ಡಬ್ಬಿಗೆ ಗ್ಯಾಲ್ವನೋಮೀಟರ್ ಎಂಬ ದೊಡ್ಡ ಹೆಸರಿದೆ; ಒಳಗೆ ಕರೆಂಟು ಹರಿದಷ್ಟು ಮುಳ್ಳು ಸರಿಯುತ್ತದೆ, ಅಷ್ಟೇ. ಹತ್ತು ಮಣಿ ನೋಡಿದರೆ ಹತ್ತೂ ಒಂದೊಂದು ಥರ. ಒಂದರಲ್ಲಿ ಮುಳ್ಳು ಮಲಗಿಯೇ ಇರುತ್ತಿತ್ತು, ಇನ್ನೊಂದರಲ್ಲಿ ಹುಚ್ಚೆದ್ದು ಕುಣಿಯುತ್ತಿತ್ತು. ಕೆಲವು ಮಣಿ ಬಿರುಕು ಬಿಟ್ಟು ಕೈಯಲ್ಲೇ ಹೋಳಾಗುತ್ತಿದ್ದವು. ಮೇಷ್ಟ್ರು ಊಟ ಬಿಟ್ಟರು. ನನಗೂ ಸಿಟ್ಟು ಬಂದು, ಇನ್ನು ಈ ಮನೆ ಕಡೆ ತಲೆ ಹಾಕಬಾರದು ಅಂದುಕೊಂಡೆ, ಮರುದಿನವೇ ಹಾಕಿದೆ.

ದಾರಿ ತೋರಿಸಿದವಳು ಕುಂಬಾರ ಮುದುಕಿ. ಹೊಸ ಗಡಿಗೆ ಕೊಡಲು ಮನೆಗೆ ಬಂದವಳು, ಒಡೆದ ಮಣಿಗಳ ರಾಶಿ ನೋಡಿ ಕಿಸಕ್ಕನೆ ನಕ್ಕಳು.

"ಯಾರ್ರಿ ಇದನ್ನ ಸುಟ್ಟಾಂವ? ಸುಡೂದೇನು ದೊಡ್ಡದು, ಯಾವ ಹುಚ್ಚನೂ ಸುಡತಾನ. ಆರಾಕ ಬಿಡೂದು ಕಲೀಬೇಕು. ನಾವು ಗಡಿಗಿ ಸುಡೋ ಆವಿಗಿ ಮುಚ್ಚಿದ್ರ ತಾನ ಆರೂ ಮಟ ಕೈ ಹಚ್ಚಂಗಿಲ್ಲ. ನನ್ನ ಸೊಸಿ ಒಮ್ಮೆ ಅವಸರ ಮಾಡಿ ತಗದ್ಲು, ಸಂತಿಗೆ ಒಯ್ಯಾಕ ಬರೇ ಒಡಕು ಬೋಕಿ ಉಳದ್ವು."

ಮೇಷ್ಟ್ರು ಒಡೆದ ಮಣಿಯೊಂದನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ ಹಣೆ ಹಣೆ ಬಡಿದುಕೊಂಡರು. "ಬಾಟಲಿ ಹರಳಿಗೆ ನಾನ ಮಾಡ್ತಿದ್ದೆ! ಬೂದ್ಯಾಗ ಹೂತು ಮೆಲ್ಲಗ ಆರಿಸ್ತಿದ್ದೆ! ಮಣಿಗೂ ಹಂಗ ಮಾಡಬೇಕಂತ ತಲಿಗೆ ಯಾಕ ಹೊಳೀಲಿಲ್ಲ? ಗೋದಾಮಪ್ಪಾ, ನಾನೊಬ್ಬ ಕತ್ತೆ ನೋಡೋ!" ಎಂದು ಮುದುಕಿಯ ಕಾಲಿಗೆ ಬಿದ್ದರು. ಆಕೆ ಹೌಹಾರಿ ಗಡಿಗೆ ಅಲ್ಲೇ ಬಿಟ್ಟು ಹೋದಳು.

ಅವತ್ತಿನಿಂದ ಮೂಸೆ ನೀರಿಗೆ ಬೀಳಲಿಲ್ಲ. ಕೆಂಡ ಬೆರೆತ ಬೂದಿ ತುಂಬಿದ ಗಡಿಗೆಯಲ್ಲಿ ಹೂತು, ಬಾಯಿಗೆ ಮಣ್ಣು ಮೆತ್ತಿ ಬಿಟ್ಟರು. ಎರಡು ದಿನ ಬಿಟ್ಟು ತೆಗೆದರೆ ಹನ್ನೆರಡು ಮಣಿ, ಹನ್ನೆರಡೂ ಕರ್ರಗೆ, ಗಟ್ಟಿಯಾಗಿ, ಒಂದೇ ಬಸಿರಲ್ಲಿ ಹುಟ್ಟಿದ ಹಾಗೆ! ಮುಳ್ಳಿನ ಡಬ್ಬಿಗೆ ಒಂದೊಂದನ್ನೇ ಹಚ್ಚಿದಾಗ ಮುಳ್ಳು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಂತಿತು. ನಾವಿಬ್ಬರೂ ಕೂಗಿದ ಕೂಗಿಗೆ ಅಕ್ಕ ಹೆದರಿ ಒಲೆಯ ಮೇಲಿದ್ದ ಹಾಲು ಉಕ್ಕಿಸಿದರು.

ಆಮೇಲೆ ಅಳೆಯುವ ಹಬ್ಬ. ಬಾಣಲೆಯಲ್ಲಿ ಕಡಲೇಕಾಯಿ ಎಣ್ಣೆ, ಎಣ್ಣೆಯಲ್ಲಿ ಮಣಿ, ಮಣಿಯ ಪಕ್ಕ ಉಷ್ಣಮಾಪಕ. ಸಣ್ಣ ಉರಿ. ನಾನು ಡಿಗ್ರಿ ಕೂಗಬೇಕು, ಅವರು ಮುಳ್ಳು ನೋಡಿ ಬರೆಯಬೇಕು. ಎಣ್ಣೆ ಕಾದಂತೆ ಮುಳ್ಳು ಏರುತ್ತಿತ್ತು, ಆರಿದಂತೆ ಇಳಿಯುತ್ತಿತ್ತು, ಹೋದ ದಾರಿಯಲ್ಲೇ ವಾಪಸು. ಚೌಕಳಿ ಹಾಳೆಯ ಮೇಲೆ ಅದು ಒಂದು ಬಾಗಿದ ಗೆರೆಯಾಯಿತು. "ಇನ್ನ ಉಷ್ಣಮಾಪಕ ಬ್ಯಾಡ. ಮುಳ್ಳು ಇಲ್ಲಿದ್ರ ಬಿಸಿ ಇಷ್ಟು. ಉದ್ದನ ತಂತಿ ಹಚ್ಚಿದ್ರ ನೀ ದೂರ ಕುಂತು ಒಲಿ ಒಳಗಿನ ಸುದ್ದಿ ಹೇಳಬೌದು," ಎಂದರು. ಎಣ್ಣೆಯ ವಾಸನೆ ಹಿಡಿದು ಬೀದಿಯವರು ಬಜ್ಜಿ ಕೇಳಿಕೊಂಡು ಬಂದರು. ಅಕ್ಕ ಅದೇ ಎಣ್ಣೆಯಲ್ಲಿ ಕರಿಯಲು ಹೊರಟಾಗ ಮೇಷ್ಟ್ರು ಬಾಣಲೆಯನ್ನು ಎತ್ತಿಕೊಂಡು ಓಡಿದರು.

ಇಷ್ಟಾಗುವಾಗ ಸಂಕ್ರಾಂತಿ ಹತ್ತಿರ ಬಂದಿತ್ತು. ಹತ್ತಿಯ ಬಂಡಿಗಳು ಊರ ಬಾಗಿಲಿಂದ ಮಿಲ್ಲಿನ ತನಕ ಸಾಲು ನಿಲ್ಲುವ ದಿನಗಳು. ಅಂಥ ಒಂದು ಮಧ್ಯಾಹ್ನ ನಾನು ನೋಡಿಕೊಳ್ಳುವ ಗೋದಾಮಿಗೆ ಬೆಂಕಿ ಬಿತ್ತು. ಜೀವ ಹೋಗಲಿಲ್ಲ. ಹತ್ತಿ ಎಲ್ಲ ಹೋಯಿತು. ಮಿಲ್ಲಿನ ಒಡೆಯರಾದ ಸಾವುಕಾರರು ಬೂದಿಯ ಮುಂದೆ ನಿಂತು ನನ್ನ ಕಡೆ ತಿರುಗಿ, "ನುವ್ವೇ! ನೀನೇ ಬೀಡಿ ಸೇದಿ ಎಸೆದಿದ್ದೀಯ," ಎಂದರು.

ಈಗ ಹೇಳಲು ಅಡ್ಡಿಯಿಲ್ಲ. ಆ ದಿನ ಊಟದ ಗಂಟೆ ಹೊಡೆದ ಮೇಲೆ ನಾನು ಬೀಡಿ ಸೇದಿದ್ದೆ. ಗೋದಾಮಿನಲ್ಲಲ್ಲ, ಅಂಗಳದ ಆಚೆ ಬಾವಿಯ ಹತ್ತಿರ. ಅರ್ಧ ಸೇದಿ, ನೆಲಕ್ಕೆ ತಿಕ್ಕಿ ಆರಿಸಿದ್ದೆ. ಆರಿಸಿದ್ದೆ ಎಂದೇ ನನ್ನ ನಂಬಿಕೆ. ಆದರೆ ಮಿಲ್ಲಿನ ಕಾಂಪೌಂಡಿನ ಒಳಗೆ ಬೀಡಿ ಎಂಬ ಮಾತೇ ಇರಬಾರದು. ಹೆದರಿಕೆಗೆ ಇಲ್ಲ ಅಂದೆ. ಒಮ್ಮೆ ಇಲ್ಲ ಅಂದಮೇಲೆ ಎಲ್ಲರಿಗೂ ಇಲ್ಲ ಅನ್ನಬೇಕಾಯಿತು. ಹಮಾಲರಿಗೆ, ನಮ್ಮ ಅವ್ವನಿಗೆ, ಹೆಂಡತಿಗೆ, ದೇವರ ಮುಂದೆ ಕರ್ಪೂರ ಹಚ್ಚಿ ಕೇಳಿದ ಮಾವನಿಗೆ. ಮಾವ ನಂಬಲಿಲ್ಲ; ಹೆಸರು ಶುದ್ಧವಾಗುವ ತನಕ ಎಂದು ಮಗಳನ್ನು ತನ್ನೂರು ಪತ್ತಿಕೊಂಡಕ್ಕೆ ಕರೆದುಕೊಂಡು ಹೋದ. ಸಾವುಕಾರರು ಹದಿನೈದು ದಿನ ಗಡುವು ಕೊಟ್ಟರು. ಒಪ್ಪಿಕೊಳ್ಳದಿದ್ದರೆ ಪೊಲೀಸರು.

ಊರೆಲ್ಲ ನನ್ನನ್ನು ಕೇಳಿತು, "ಸೇದಿದ್ಯಾ?" ಎಂದು. ಕೇಳದೆ ಇದ್ದವರು ಒಬ್ಬರೇ. ಮೇಷ್ಟ್ರು ಬಂದು, ನನ್ನ ಜಗಲಿಯ ಮೇಲೆ ಕೂತು, "ಹತ್ತಿ ಹಸಿ ಇತ್ತೇನು?" ಎಂದರು.

ಇತ್ತು. ಹಸಿ ಇಲ್ಲದ ಹತ್ತಿ ಆ ಕಾಲದಲ್ಲಿ ಎಲ್ಲಿತ್ತು? ಊರು ಇನ್ನೂ ಒಂದು ಹರದಾರಿ ಇದೆ ಅನ್ನುವಾಗ ಬಂಡಿ ನಿಲ್ಲಿಸಿ, ತೂಕಕ್ಕೆಂದು ಎರಡು ಕೊಡ ನೀರು ಚಿಮುಕಿಸುವುದು ಎಲ್ಲರೂ ಮಾಡುತ್ತಿದ್ದ, ಯಾರೂ ಒಪ್ಪದ ಪದ್ಧತಿ. ಹಿಡಿದು ಕೇಳಿದರೆ, "ಹತ್ತಿಗೆ ನೀರಡಿಕಿ ಆಗಿತ್ತು, ಕುಡಿಸಿದ್ವಿ" ಎಂದು ನಗುತ್ತಿದ್ದರು. ಆ ವಾರ ಬಂದ ಹತ್ತಿ ಕೈಗೆ ಅಂಟುವಷ್ಟು ಹಸಿ ಇತ್ತು. ಅವಸರದಲ್ಲಿ ಒಣಗಿಸದೆ ಹಾಗೇ ಒಟ್ಟಿಸಿದ್ದೆ.

ಮೇಷ್ಟ್ರ ಕಣ್ಣು ದೊಡ್ಡವಾದವು. "ಹಸಿ ಹುಲ್ಲಿನ ಬಣವಿ ಒಳಗ ತಾನ ಬಿಸಿಯಾಗಿ ಕಾಯೂದು ನೋಡೀಯಲ್ಲ? ಹತ್ತಿ ಯಾಕ ಕಾಯಬಾರದು? ಒಳಗ ಎಷ್ಟು ಕಾಯತೈತಿ ಅಂತ ಹೊರಗ ಕುಂತು ಹೇಳೂದು ಯಾವುದು?" ತೊಡೆ ತಟ್ಟಿದರು. "ಮಣಿ! ಉಪಯೋಗ ಬಂತಲ್ಲೋ, ಉಪಯೋಗ ಬಂತು!" ನನ್ನ ಮನೆ ಮುಳುಗಿದೆ, ಇವರಿಗೆ ಸಂಭ್ರಮ. ಸಿಟ್ಟು ಬರಬೇಕಿತ್ತು. ಆದರೆ ಆ ಸಂಭ್ರಮ ಒಂದು ಥರದ ಸೋಂಕು. ನಾನೂ ಎದ್ದು ನಿಂತೆ.

ಸಾವುಕಾರರನ್ನು ಒಪ್ಪಿಸಿದ್ದು ಅವರೇ. ಹೇಗೋ ಗೊತ್ತಿಲ್ಲ, ಬಹುಶಃ ಅವರನ್ನೂ ರಟ್ಟೆ ಹಿಡಿದು ಎಳೆದಿರಬೇಕು. ಮಿಲ್ಲಿನ ಅಂಗಳದ ಬಯಲಿನಲ್ಲಿ ಎರಡು ದೊಡ್ಡ ಒಟ್ಟಿಲು ಹಾಕಿಸಿದರು. ಒಂದು ಒಣ ಹತ್ತಿ, ಇನ್ನೊಂದು ಪದ್ಧತಿಯಂತೆ ನೀರು ಕುಡಿದ ಹತ್ತಿ. ಎರಡರ ಹೊಟ್ಟೆಯಲ್ಲೂ ಒಂದೊಂದು ಮಣಿ, ಅದರಿಂದ ಉದ್ದ ತಂತಿ, ತಂತಿಯ ಕೊನೆಗೆ ಒಂದು ಸ್ಟೂಲಿನ ಮೇಲೆ ಮುಳ್ಳಿನ ಡಬ್ಬಿ. ಡಬ್ಬಿ ಒಂದೇ, ಎರಡು ಒಟ್ಟಿಲಿನ ತಂತಿಗಳನ್ನು ಸರದಿಯಂತೆ ಹಚ್ಚಿ ನೋಡುವುದು. ಸಂಕ್ರಾಂತಿ ರಜೆಯೆಂದು ಹೆಡ್‌ಮಾಸ್ತರರನ್ನು ಕಾಡಿ ತಂದಿದ್ದ ಡಬ್ಬಿಯನ್ನು ಮೇಷ್ಟ್ರು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ಬಂದಿದ್ದರು.

ಒಂದು ತಾಸಾಗಿರಲಿಲ್ಲ, ಹಸಿ ಒಟ್ಟಿಲಿನ ಮುಳ್ಳು ಏರತೊಡಗಿತು! ಏರಿತು, ಏರಿತು, ಕೊನೆಯ ಗೆರೆ ಮುಟ್ಟಿತು. ತಂತಿ ಬದಲಿಸಿ ನೋಡಿದರೆ ಒಣ ಹತ್ತಿಯದು ಇದ್ದಲ್ಲೇ ಇತ್ತು. ಹಮಾಲರು ಹೋ ಎಂದು ಕೂಗಿದರು. ಸಾವುಕಾರರ ಮುಖ ಬಿಳಿಚಿಕೊಂಡಿತು. ನನಗೆ ಕುಣಿಯುವಂತಾಯಿತು. ಪತ್ತಿಕೊಂಡದ ಬಸ್ಸು ಎಷ್ಟೊತ್ತಿಗೆ ಎಂದು ಆಗಲೇ ಯೋಚಿಸುತ್ತಿದ್ದೆ.

ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿದರು. "ಇಷ್ಟು ಜಲ್ದಿ ಹೆಂಗ?" ತಾವೇ ಒಟ್ಟಿಲಿಗೆ ಕೈ ಹಾಕಿ ಮಣಿಯನ್ನು ಹೊರಗೆಳೆದರು. ಒದ್ದೆಯಾಗಿತ್ತು. ಪಂಚೆಯ ಸೆರಗಿನಿಂದ ಒರೆಸಿದರು. ಮುಳ್ಳು ದೊಪ್ಪನೆ ಬಿತ್ತು.

"ಇದು ಸುಳ್ಳು ರೀ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಹತ್ತಿ ಕಾದಿಲ್ಲ. ನೀರು ಎರಡೂ ತಂತಿ ಕೂಡಿಸೇತಿ, ಕರೆಂಟು ಮಣಿ ಬಿಟ್ಟು ನೀರಾಗಿಂದ ಹರದೈತಿ. ನನ್ನ ತಪ್ಪು."

ಯಾರಾದರೂ ಕೇಳಿದ್ದರಾ? ಯಾರಿಗಾದರೂ ಗೊತ್ತಾಗುತ್ತಿತ್ತಾ? ಆ ಗಳಿಗೆ ನಾನು ಅವರನ್ನು ದ್ವೇಷಿಸಿದೆ, ಬಾಯಿ ತುಂಬ ಬೈದೆ. ದಾರಿಯುದ್ದಕ್ಕೂ ಬೈಯುತ್ತ ಮನೆಗೆ ಬಂದೆ. "ಒಂದು ಗಳಿಗಿ ಬಾಯಿ ಮುಚ್ಚಿಕೊಂಡಿದ್ರ ನಾ ಉಳೀತಿದ್ದೆ!" ಅವರು ಕೋಟು ಕೂಡ ಬಿಚ್ಚಲಿಲ್ಲ. ಮೇಜಿನ ಮುಂದೆ ಕೂತು ಅಭ್ರಕದ ಗಟ್ಟಿಯಿಂದ ಹಾಳೆ ಎಬ್ಬಿಸುತ್ತಿದ್ದರು. ಇದ್ದಕ್ಕಿದ್ದಂತೆ ಕೈ ನಿಂತಿತು. ಹಾಳೆಯನ್ನೂ ಮಣಿಯನ್ನೂ ನೋಡಿದರು. "ನೀರು ಹೋಗಂಗಿಲ್ಲ, ಕರೆಂಟು ಹೋಗಂಗಿಲ್ಲ, ಬಿಸಿ ಮಾತ್ರ ಹೋಗತೈತಿ. ಗೋದಾಮಪ್ಪಾ, ಬೈಯೂದು ಆಮ್ಯಾಲೆ ಬೈಯೋವಂತಿ, ಪತ್ತಾರನ ಹತ್ರ ಅರಗು ತಗೊಂಡು ಬಾ!" ಮಣಿಯನ್ನು ಎರಡು ಅಭ್ರಕದ ಹಾಳೆಗಳ ನಡುವೆ ಮಲಗಿಸಿ, ಸುತ್ತ ಅರಗಿನಿಂದ ಬಿಗಿದರು. ನೀರಿನ ಲೋಟದಲ್ಲಿ ಅರ್ಧ ದಿನ ಮುಳುಗಿಸಿಟ್ಟು ನೋಡಿದರು. ಮುಳ್ಳು ಅಲುಗಲಿಲ್ಲ.

ಎರಡನೆಯ ಸಲ ಮಣಿ ಒಳಗೆ ಹೋಯಿತು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಅರ್ಧ ಗೆರೆ. ಸಾವುಕಾರರು, "ಬಿಸಿಲಿಗೆ ಅಯ್ಯಾ," ಎಂದರು. ಒಣ ಒಟ್ಟಿಲೂ ಅದೇ ಬಿಸಿಲಿನಲ್ಲಿದೆ ಎಂದು ಮೇಷ್ಟ್ರು ಬೆರಳು ತೋರಿಸಿದರು. ಮೂರನೆಯ ದಿನ ಮೂರು ಗೆರೆ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳು ಬಾಗಿದ ಗೆರೆಯ ಕಡಿದಾದ ಜಾಗಕ್ಕೆ ಬಂದುಬಿಟ್ಟಿತ್ತು, ಮತ್ತು ನಾವು ನೋಡನೋಡುತ್ತಿದ್ದಂತೆ ಏರುತ್ತಲೇ ಇತ್ತು. ಮೇಷ್ಟ್ರು ಚೌಕಳಿ ಹಾಳೆ ಬಿಚ್ಚಿ ಬೆರಳಿಟ್ಟರು. "ಅರವತ್ತು ಡಿಗ್ರಿ ದಾಟೇತಿ! ಕರೀರಿ ಎಲ್ಲಾರನೂ! ಓಡ್ರಿ!"

ಸಾವುಕಾರರು ಬಂದರು. ಮುಳ್ಳನ್ನು ನೋಡಿ ತಲೆಯಾಡಿಸಿದರು. "ನಿಮ್ಮ ಡಬ್ಬಿ ಒಂದು ದಿನ ಸುಳ್ಳು ಹೇಳಿತು. ಇವತ್ತು ನಿಜ ಹೇಳ್ತದೆ ಅಂತ ಹೇಗೆ ನಂಬಲಿ?"

"ನಂಬಬ್ಯಾಡ್ರಿ. ಕೈ ಹಾಕ್ರಿ," ಎಂದರು ಮೇಷ್ಟ್ರು.

ಸಾವುಕಾರರು ರೇಷ್ಮೆ ಜುಬ್ಬದ ತೋಳು ಏರಿಸಿ, ಹಸಿ ಒಟ್ಟಿಲಿನೊಳಗೆ ಭುಜದ ತನಕ ಕೈ ತೂರಿಸಿದರು. "ಅಬ್ಬಬ್ಬಾ! ಕಾಲಿಪೋಯಿಂದಿ!" ಸುಟ್ಟಿತು ಎಂದು ಕಿರುಚಿ ಹಿಂದಕ್ಕೆ ಹಾರಿದರು. ಹಮಾಲರು ಒಟ್ಟಿಲನ್ನು ಸೀಳಿದರು. ಒಳಗಿನಿಂದ ಇಡ್ಲಿ ಪಾತ್ರೆ ತೆಗೆದ ಹಾಗೆ ಹಬೆ ಎದ್ದಿತು. ನಡುವಿನ ಹತ್ತಿ ಬೆಳ್ಳಗಿರಲಿಲ್ಲ. ಹಳೆಯ ಗಾಯಕ್ಕೆ ಕಟ್ಟಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಕಮಟು ವಾಸನೆ. ಪಕ್ಕದ ಒಣ ಹತ್ತಿ ತಣ್ಣಗೆ ಕೂತಿತ್ತು.

ಸಾವುಕಾರರು ಕೈಗೆ ಉಫ್ ಎಂದು ಊದಿಕೊಳ್ಳುತ್ತ ಕೇಳಿದರು. "ಅಂದರೆ ಈ ಹುಡುಗ ಬೀಡಿ ಸೇದಿ ಬೆಂಕಿ ಹಚ್ಚಿಲ್ಲ. ಅಷ್ಟೇ ತಾನೇ ಮೇಷ್ಟ್ರೇ?"

ಹೌದು ಅನ್ನಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

"ಅದು ನನಗ ಗೊತ್ತಿಲ್ಲ," ಎಂದರು ಮೇಷ್ಟ್ರು. "ಹಸಿ ಹತ್ತಿ ತಾನ ಕಾಯತೈತಿ, ಅದು ಗೊತ್ತಾತು. ಬೆಂಕಿ ಹತ್ತೂ ಮಟ ಕಾಯತೈತೋ ಇಲ್ಲೋ, ನೋಡಿಲ್ಲ. ಇಂವ ಆ ದಿನ ಏನು ಮಾಡ್ಯಾನ, ಅದನ್ನೂ ನೋಡಿಲ್ಲ. ನೋಡದ್ದನ್ನ ಹೆಂಗ ಹೇಳ್ಲಿ?"

ಸಾವುಕಾರರು ಏರಿಸಿದ ತೋಳನ್ನು ಇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪ."

ಇಲ್ಲ ಅನ್ನುವುದು ನನಗೆ ಅಷ್ಟು ಹೊತ್ತಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಬಾಯಿ ತೆರೆದೆ. ಮೇಷ್ಟ್ರು ಚೌಕಳಿ ಹಾಳೆ ಹಿಡಿದು ಅಲ್ಲೇ ನಿಂತಿದ್ದರು. ಇಲ್ಲ ಎಂಬ ಮಾತು ಬರಲಿಲ್ಲ.

"ಸೇದಿದ್ದೆ ರೀ," ಎಂದೆ. "ಅರ್ಧ ಬೀಡಿ. ಬಾವಿ ಹತ್ರ. ಆರಿಸಿದ್ದೆ. ಆರಿಸಿದ್ದೆ ಅಂತ ಅನಕೊಂಡೀನಿ."

ಹಮಾಲನೊಬ್ಬ ಥೂ ಅಂದ. ಮುಗಿಯಿತು ಅಂದುಕೊಂಡೆ. ನನಗಾಗಿ ಇಷ್ಟು ದಿನ ಒದ್ದಾಡಿದ ಮನುಷ್ಯನ ಮುಖ ನೋಡಲು ಧೈರ್ಯವಾಗದೆ ನೆಲ ನೋಡಿದೆ.

"ಎಷ್ಟೊತ್ತಿಗೆ?" ಎಂಬ ಸ್ವರ ಕೇಳಿತು. ತಲೆ ಎತ್ತಿದರೆ ಮೇಷ್ಟ್ರ ಕಣ್ಣು ಹೊಳೆಯುತ್ತಿವೆ! ಆಗಲೇ ಪೆನ್ಸಿಲ್ ಕೈಗೆ ಬಂದಿದೆ.

"ಊಟದ ಗಂಟಿ ಆದ ಮ್ಯಾಲೆ."

"ಹೊಗಿ ಕಂಡಿದ್ದು?"

"ಮೂರರ ಸುಮಾರಿಗೆ."

"ಬಾವಿಯಿಂದ ಗೋದಾಮಿಗೆ ಎಷ್ಟು ಹೆಜ್ಜಿ?"

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು ಬಾವಿಯ ಕಡೆ ಓಡಿದರು. ಸಾವುಕಾರರು, ಏನನ್ನಿಸಿತೋ, ಸುಟ್ಟ ಕೈ ಹಿಡಿದುಕೊಂಡು ಅವರ ಹಿಂದೆಯೇ ಹೋದರು. ನಾನೂ ಹೋದೆ. ಬಾವಿಯ ಹತ್ತಿರ ಮೇಷ್ಟ್ರು ಒಂದು ಚಿಟಿಕೆ ಹತ್ತಿ ಗಾಳಿಗೆ ಬಿಟ್ಟರು. ಅದು ಗೋದಾಮಿನ ಕಡೆ ಹೋಗದೆ ಎದುರು ದಿಕ್ಕಿಗೆ, ಕಾಂಪೌಂಡಿನ ಆಚೆ ತೇಲಿಹೋಯಿತು. ನನಗೆ ಜೀವ ಬಂತು.

"ನೋಡಿದಿರಾ? ಕಿಡಿ ಹಾರಿದ್ರೂ ಆ ಕಡೆ," ಎಂದರು ಸಾವುಕಾರರು. ಹೌದು, ಸಾವುಕಾರರೇ!

"ಇದು ಇವತ್ತಿನ ಗಾಳಿ ರೀ," ಎಂದರು ಮೇಷ್ಟ್ರು. "ಆ ದಿನದ ಗಾಳಿ ನನಗ ಗೊತ್ತಿಲ್ಲ."

ಸಾವುಕಾರರು ಮೊದಲು ದಂಗಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಾಲು ಮೇಷ್ಟ್ರೇ, ಚಾಲು, ಸಾಕು! ಬೆಳಗಿನಿಂದ ಎಷ್ಟು ಸಲ ಗೊತ್ತಿಲ್ಲ ಅಂದಿರಿ! ಇಷ್ಟು ಗೊತ್ತಿಲ್ಲ ಅನ್ನುವ ಮನುಷ್ಯ ಒಂದನ್ನು ಗೊತ್ತು ಅಂದರೆ ನಾನು ನಂಬದೆ ಏನು ಮಾಡಲಿ?" ನನ್ನ ಕಡೆ ತಿರುಗಿ ಬೆರಳಾಡಿಸಿದರು. "ನಾಳೆಯಿಂದ ಬಾ. ಹಸಿ ಹತ್ತಿ ಒಳಗೆ ಬಂತೋ, ಒಂದು ಕಾಲು ಮುರೀತೀನಿ. ಬೀಡಿ ಕಂಡಿತೋ, ಇನ್ನೊಂದು."

ನನಗೆ ಅಳು ಉಕ್ಕಿ ಬಂತು. ಮೇಷ್ಟ್ರು ಆಗಲೇ ಬಾವಿಯಿಂದ ಗೋದಾಮಿನ ಕಡೆ ತುಟಿ ಅಲ್ಲಾಡಿಸುತ್ತ ಹೊರಟಿದ್ದರು. ಓಡಿ ಹೋಗಿ ಅವರ ಕಾಲಿಗೆ ಬಿದ್ದೆ. ಒಂದು ಕಾಲನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಗಾಳಿಯಲ್ಲಿ ಎತ್ತಿ ಹಿಡಿದು, ಸಿಟ್ಟಿನಿಂದ ನೋಡಿದರು.

"ಸರಿಯೋ, ಎಣಿಕಿ ತಪ್ಪತೈತಿ! ಮೂವತ್ತೊಂದು. ಮೂವತ್ತೊಂದು ನೆನಪಿಟ್ಕೊ."

ನಾನು ಕಣ್ಣೊರೆಸಿಕೊಂಡು ಎದ್ದೆ. ಅವರ ಪಕ್ಕದಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಇಡೀ ಮಿಲ್ಲಿಗೆ ಕೇಳುವ ಹಾಗೆ ಎಣಿಸತೊಡಗಿದೆ: ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು.